ಬಟಾಣಿಗೊಂದು ಸ್ವೆಟರ್

ಕನ್ನಡಕದ ಅಂಗಡಿಯ ಹಿಂದಿನ ಕಿರುಕೋಣೆಯಲ್ಲಿ ಕೂತು, ಲೆನ್ಸಿನ ಅಂಚನ್ನು ಯಂತ್ರಕ್ಕೆ ಕೊಟ್ಟು, ಫ್ರೇಮಿನಲ್ಲಿ ಸರಿಯಾಗಿ ಕೂರುವ ಹಾಗೆ ಸವೆಸುವುದು ಅವಳ ಕೆಲಸ. ಎಲ್ಲರೂ ಅವಳನ್ನು ಗಾಜಮ್ಮ ಎಂದು ಕರೆಯುತ್ತಿದ್ದರು. ಆ ಹೆಸರನ್ನು ಮೊದಲು ಯಾರು ಅಂಟಿಸಿದರೋ ಯಾರಿಗೂ ನೆನಪಿರಲಿಲ್ಲ. ಅವಳಿಗೂ ಅದು ಎಷ್ಟು ಒಗ್ಗಿಹೋಗಿತ್ತೆಂದರೆ ರಸ್ತೆಯಲ್ಲಿ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಬಿಲ್ಲು ಬರೆಯುವಾಕೆ ಒಳಗೆ ತಲೆ ಹಾಕಿ, "ಗಾಜಮ್ಮ, ನಿಮ್ಮತ್ತೆ ಬಂದಿದಾರೆ. ಜೊತೆಗೊಂದು ಮಗೂನೂ ಇದೆ" ಎಂದಳು.

ಗಾಜಮ್ಮನಿಗೆ ಗಂಡ ಇರಲಿಲ್ಲ. ಅಂದರೆ ಇದ್ದ, ಈಗಲೂ ಇದ್ದಾನೆ, ಆದರೆ ಬೇರೆ ಊರಿನಲ್ಲಿ ಬೇರೊಬ್ಬಳ ಗಂಡನಾಗಿ. ಅವನು ಲಿಫ್ಟ್ ರಿಪೇರಿಯವನು. ಅವರಿಬ್ಬರ ಮದುವೆ ಮುರಿದು ಹತ್ತು ವರ್ಷದ ಮೇಲಾಗಿತ್ತು. ಅತ್ತೆ ಮಾತ್ರ ಅತ್ತೆಯಾಗಿಯೇ ಉಳಿದಿದ್ದರು. ಮನೆ ಪಕ್ಕದಲ್ಲೇ ಕನ್ನಡಕದ ಅಂಗಡಿಗಳಿದ್ದರೂ ಊರಿನ ಆ ತುದಿಯಿಂದ ಬಸ್ಸು ಹತ್ತಿ ಇಲ್ಲಿಗೇ ಬರುತ್ತಿದ್ದರು. ಮೂಗಿನ ಮೇಲೆ ಜಾರುತ್ತೆ ಅಂತ ಒಂದು ಸಲ, ಕಿವಿ ಹಿಂದೆ ಒತ್ತುತ್ತೆ ಅಂತ ಇನ್ನೊಂದು ಸಲ. ಮೊದಮೊದಲು ಅವರನ್ನು ಏನೆಂದು ಕರೆಯುವುದೋ ತಿಳಿಯದೆ ಗಾಜಮ್ಮ ತಡವರಿಸಿದ್ದಳು. ಮಾಜಿ ಅತ್ತೆ ಎಂದು ಕರೆಯುವುದಕ್ಕಾಗುತ್ತದೆಯೇ? ಅತ್ತೆ ಎಂದಳು, ಮುದುಕಿ ಓಗೊಟ್ಟರು, ಅಲ್ಲಿಗೆ ಆ ವಿಷಯ ಮುಗಿದಿತ್ತು.

ಇವತ್ತು ಅತ್ತೆಯ ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್ ಹಾಕಿತ್ತು. ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿ. ತೆಳುವಾದ ಫ್ರಾಕಿನ ಮೇಲೆ ಯಾರೋ ಗಂಡಸಿನ ದೊಗಳೆ ಅಂಗಿ ಹಾಕಿಕೊಂಡು, ಅದರ ತೋಳುಗಳನ್ನು ದಿಂಬಿನ ಹಾಗೆ ದಪ್ಪಗೆ ಮಡಚಿಕೊಂಡು, ಗೋಡೆಯ ಮೇಲಿನ ಕಣ್ಣುಪರೀಕ್ಷೆಯ ಅಕ್ಷರಗಳನ್ನು ಬಾಯಲ್ಲೇ ಓದುತ್ತಿದ್ದಳು. ಚಳಿಗೆ ಮೂಗಿನ ತುದಿ ಕೆಂಪಗಾಗಿತ್ತು.

"ಬಚ್ಚಲಲ್ಲಿ ಜಾರಿಬಿಟ್ಟೆ ಕಣೆ" ಎಂದರು ಅತ್ತೆ. "ಕೈ ಮುರೀತು. ಮಗನಿಗೆ ಹೇಳಿದ್ರೆ ಅವನೇನು ಮಾಡ್ತಾನೆ? ಅಲ್ಲಿ ಅವಳು ಆಸ್ಪತ್ರೆಲಿ ಮಲಗಿದಾಳೆ. ತುಂಬಿದ ಬಸುರಿ, ಎದ್ದು ಓಡಾಡೋ ಹಾಗಿಲ್ಲ ಅಂದಿದಾರಂತೆ ಡಾಕ್ಟ್ರು. ಅವನು ಆಸ್ಪತ್ರೆ, ಕೆಲಸ ಅಂತ ಅಲ್ಲೇ ಒದ್ದಾಡ್ತಿದಾನೆ. ಅದಕ್ಕೆ ಈ ಬಟಾಣೀನ ಬಸ್ಸಲ್ಲಿ ತಂದು ನನ್ನ ಹತ್ರ ಬಿಟ್ಟುಹೋದ. ಬಿಟ್ಟುಹೋದ ಮಾರನೇ ದಿನಾನೇ ನಾನು ಜಾರಿದ್ದು."

"ಈ ಅಂಗಿ ಯಾರದ್ದು?" ಗಾಜಮ್ಮ ಕೇಳಿದಳು. ಕೇಳಬೇಕಾದ್ದು ಬೇರೆ ಏನೇನೋ ಇತ್ತು. ಬಾಯಿಗೆ ಬಂದದ್ದು ಇದು.

"ಯಾರದ್ದೋ. ಬಸ್ಸಲ್ಲಿ ಬ್ಯಾಗು ಅದಲುಬದಲಾಗಿದೆ. ತೆಗೆದು ನೋಡಿದ್ರೆ ನಾಲ್ಕು ಅಂಗಿ, ಒಂದು ಶೇವಿಂಗ್ ಸೆಟ್ಟು. ಇವಳ ಬಟ್ಟೆಯೆಲ್ಲ ಆ ಪುಣ್ಯಾತ್ಮನ ಹತ್ರ ಇದೆ. ಬಸ್ಸಿನ ಆಫೀಸಿಗೆ ಹೇಳಿದೀನಿ."

"ನಾನು ಗಡ್ಡ ಮಾಡ್ಕೋಬಹುದು" ಎಂದಳು ಹುಡುಗಿ, ಅಕ್ಷರಗಳಿಂದ ಕಣ್ಣು ತೆಗೆಯದೆ.

ಅತ್ತೆ ದನಿ ತಗ್ಗಿಸಿದರು. "ಒಂದು ಕೈಲಿ ಅನ್ನ ಬಸಿಯೋಕೂ ಆಗ್ತಿಲ್ಲ ತಾಯಿ. ಸ್ವಲ್ಪ ದಿನ ನಿನ್ನ ಮನೇಲಿ ಇರಬಹುದಾ ನಾವಿಬ್ರೂ? ಕೇಳಬಾರದು, ಗೊತ್ತು ನನಗೆ. ಆಗಲ್ಲ ಅನ್ನು, ಬೇಜಾರಿಲ್ಲ."

"ಆಯ್ತು, ಇರಿ" ಎಂದಳು ಗಾಜಮ್ಮ. ಹೇಳಿ ಮುಗಿದ ಮೇಲೆ, ತಾನು ಏನಕ್ಕೆ ಒಪ್ಪಿಕೊಂಡೆ ಎಂದು ಯೋಚಿಸತೊಡಗಿದಳು. ಕೋಪ ಬರಬೇಕಿತ್ತೇನೋ. ಬರಲಿಲ್ಲ. ಸಂತೋಷವೂ ಆಗಲಿಲ್ಲ. ಒಳಗೆ ಹೋಗಿ ಅರ್ಧಕ್ಕೆ ಬಿಟ್ಟಿದ್ದ ಲೆನ್ಸನ್ನು ಯಂತ್ರಕ್ಕಿಟ್ಟಳು. ಎಡಗಣ್ಣಿನದನ್ನು ಬಲಗಣ್ಣಿನ ಅಳತೆಗೆ ಸವೆಸಿ ಹಾಳು ಮಾಡಿದಳು. ಅಷ್ಟು ವರ್ಷದಲ್ಲಿ ಅಂಥ ತಪ್ಪು ಅವಳ ಕೈಯಲ್ಲಿ ಆದದ್ದು ಅದೇ ಮೊದಲು.

ಅವಳ ಮನೆ ಹಳೆಯ ಕಟ್ಟಡದ ಕೊನೆಯ ಮಹಡಿಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಕಬ್ಬಿಣದ ಸರಳಿನ ಸಣ್ಣ ಬಾಲ್ಕನಿ. ಅತ್ತೆಗೆ ಮಂಚ ಕೊಟ್ಟು, ಹುಡುಗಿಗೆ ಸೋಫಾದ ಮೇಲೆ ಹಾಸಿ, ತಾನು ನೆಲದ ಮೇಲೆ ಮಲಗುವುದೆಂದು ಗಾಜಮ್ಮ ಏರ್ಪಾಡು ಮಾಡಿದಳು. ಹೀಟರು ಹಳೆಯದು, ಅದು ಕಾಯಿಸುವುದಕ್ಕಿಂತ ಗುರುಗುಟ್ಟುವುದೇ ಹೆಚ್ಚು. ಆ ವಾರ ಚಳಿ ಇದ್ದಕ್ಕಿದ್ದ ಹಾಗೆ ಬಂದು ಕೂತಿತ್ತು. ಕಿಟಕಿಯ ಸಂದಿಗೆ ಬಟ್ಟೆ ತುರುಕಿದರೂ ಗಾಳಿ ಹೇಗೋ ನುಗ್ಗುತ್ತಿತ್ತು.

ಊಟಕ್ಕೆ ಕೂತಾಗ ಹುಡುಗಿ ಕೇಳಿದಳು: "ನಾನು ನಿಮ್ಮನ್ನ ಏನಂತ ಕರೀಲಿ?"

ಗಾಜಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ತಟ್ಟೆ ನೋಡಿದರು.

"ಚಿಕ್ಕಮ್ಮ ಅನ್ನು" ಎಂದರು ಅತ್ತೆ.

"ಚಿಕ್ಕಮ್ಮ ಅಂದ್ರೆ ಅಮ್ಮನ ತಂಗಿ. ನನ್ನಮ್ಮನಿಗೆ ತಂಗಿ ಇಲ್ಲ."

"ಹಾಗಾದ್ರೆ ದೊಡ್ಡಮ್ಮ. ಅದೇ ಸರಿ, ಲೆಕ್ಕಕ್ಕೂ ಕೂರುತ್ತೆ" ಎಂದು ಅಂದುಬಿಟ್ಟ ಅತ್ತೆ, ಆ ಲೆಕ್ಕ ಎಂಥದ್ದೆಂದು ಮಗುವಿಗೆ ವಿವರಿಸಬೇಕಾಗುತ್ತದೆಂದು ಹೊಳೆದು ತುತ್ತು ಬಾಯಿಗೆ ಹಾಕಿಕೊಂಡರು.

"ಅಜ್ಜಿ, ಇವರು ನಿಮ್ಮನ್ನ ಅತ್ತೆ ಅಂತಾರೆ. ಅಮ್ಮನೂ ಅತ್ತೆ ಅಂತಾಳೆ. ಹಾಗಾದ್ರೆ ಇವರು ಅಪ್ಪನಿಗೆ ಏನಾಗ್ಬೇಕು?"

"ಅನ್ನ ಆರುತ್ತೆ, ತಿನ್ನು" ಎಂದಳು ಗಾಜಮ್ಮ.

ಹುಡುಗಿ ಅನ್ನ ತಿಂದಳು. ಆದರೆ ಪ್ರಶ್ನೆ ಬಗೆಹರಿಯಲಿಲ್ಲವಾದ್ದರಿಂದ ತನಗೆ ತೋಚಿದ ದಾರಿ ಹಿಡಿದಳು. ಬೆಳಿಗ್ಗೆ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು: "ಇವ್ರೇ, ಹಾಲು ಉಕ್ತಾ ಇದೆ." ಗಾಜಮ್ಮ ಬಾಲ್ಕನಿಯಲ್ಲಿ ನಿಂತಲ್ಲೇ ನಿಂತಳು. ಒಂದು ಕಾಲದಲ್ಲಿ ಈ ಹುಡುಗಿಯ ಅಪ್ಪನನ್ನು ತಾನು ಹಾಗೇ ಕರೆಯುತ್ತಿದ್ದಳು, ಅದೇ ರಾಗದಲ್ಲಿ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಮಂಚದ ಮೇಲೆ ಅತ್ತೆ ಹೊದಿಕೆ ಬಾಯಿಗೆ ಅಡ್ಡ ಹಿಡಿದು ಪ್ಲಾಸ್ಟರು ಅಲ್ಲಾಡುವ ಹಾಗೆ ನಗುತ್ತಿದ್ದರು.

ಅವತ್ತು ಕೆಲಸದ ಬಿಡುವಿನಲ್ಲಿ ಗಾಜಮ್ಮ ಪಕ್ಕದ ಬೀದಿಯ ಬಟ್ಟೆ ಅಂಗಡಿಗೆ ಹೋದಳು. ಮಕ್ಕಳ ಸ್ವೆಟರುಗಳು ಸಾಲಾಗಿ ತೂಗಾಡುತ್ತಿದ್ದವು. ಕೆಂಪನೆಯದೊಂದನ್ನು ಇಳಿಸಿ, ತೋಳು ಎಳೆದು ನೋಡಿ, ಕತ್ತಿನ ಪಟ್ಟಿ ಹಿಗ್ಗಿಸಿ ನೋಡಿದಳು. ಅಳತೆ ಸರಿಯಾಗಿತ್ತು, ಬೆಲೆಯೂ ಅಂಥ ಹೆಚ್ಚಿರಲಿಲ್ಲ. ಅದನ್ನು ಮಡಚಿ ಮತ್ತೆ ಅಲ್ಲೇ ಇಟ್ಟು ಹೊರಗೆ ಬಂದಳು.

"ಸಿಗಲಿಲ್ವಾ?" ಎಂದು ಬಿಲ್ಲಿನಾಕೆ ಕೇಳಿದಳು.

"ಸಿಕ್ತು."

"ಮತ್ತೆ?"

"ಗೊತ್ತಿಲ್ಲ. ಮನೇಲಿ ಉಲ್ಲನ್ ಇದೆ, ಹೆಣೀತೀನಿ."

"ಮಗು ಚಳೀಲಿ ನಡುಗ್ತಾ ಇದೆ, ನೀವು ಹೆಣೀತಾ ಕೂತ್ರೆ ಬೇಸಿಗೆ ಬಂದಿರುತ್ತೆ" ಎಂದು ಬಿಲ್ಲಿನಾಕೆ ನಕ್ಕಳು.

ಆದರೆ ಬೇಗ ಹೆಣೆಯುವ ದಾರಿ ಗಾಜಮ್ಮನಿಗೆ ಗೊತ್ತಿತ್ತು. ಒಂದೆಳೆಯ ಬದಲು ಮೂರೆಳೆ ಒಟ್ಟಿಗೆ ಹಿಡಿದು, ಬೆರಳು ಗಾತ್ರದ ಕಡ್ಡಿಯಲ್ಲಿ ಹೆಣೆದರೆ ಬಟ್ಟೆ ದಪ್ಪಗೂ ಬೆಚ್ಚಗೂ ಆಗುತ್ತದೆ, ಕಣ್ಣೆದುರಿಗೇ ಬೆಳೆಯುತ್ತದೆ. ಕತ್ತಿನಿಂದ ಶುರು ಮಾಡಿ ಕೆಳಕ್ಕೆ ಹೆಣೆಯುತ್ತ ಹೋದರೆ ಆಮೇಲೆ ತುಂಡುಗಳನ್ನು ಕೂಡಿಸಿ ಹೊಲಿಯುವ ಕೆಲಸವಿಲ್ಲ. ಆಗಾಗ ಮಗುವಿಗೆ ತೊಡಿಸಿ ನೋಡಬಹುದು. ಉಲ್ಲನ್ ಮುಗಿದಲ್ಲಿಗೆ ನಿಲ್ಲಿಸಿದರಾಯಿತು.

ಸಂಜೆ ಮನೆಗೆ ಬಂದವಳೇ ಮಂಚದ ಅಡಿಯಿಂದ ಟ್ರಂಕು ಎಳೆದಳು. ಹೆಣೆದು ಮಿಕ್ಕಿದ್ದ ಉಲ್ಲನ್ ಎಲ್ಲ ಅದರಲ್ಲಿತ್ತು. ಅಕ್ಕನ ಮಗನ ಟೋಪಿಯಲ್ಲಿ ಉಳಿದ ಸಾಸಿವೆ ಬಣ್ಣ, ಅಂಗಡಿಯ ಯಜಮಾನರ ಮಫ್ಲರಿನಲ್ಲಿ ಉಳಿದ ಕಡುಹಸಿರು, ತನ್ನದೇ ಶಾಲು ಅರ್ಧಕ್ಕೆ ಬಿಟ್ಟಾಗಿನ ಇಟ್ಟಿಗೆ ಬಣ್ಣ, ಯಾವುದರದ್ದೆಂದು ನೆನಪೇ ಇಲ್ಲದ ನೇರಳೆ. ಕೆಲವು ಕೈತುಂಬ, ಕೆಲವು ನಿಂಬೆಹಣ್ಣಿನಷ್ಟು. ತಳದಲ್ಲಿ ಬೂದಿ ಬಣ್ಣದ ದೊಡ್ಡ ಉಂಡೆಗಳಿದ್ದವು. ಗಾಜಮ್ಮ ಅವನ್ನು ಮುಟ್ಟದೆ ಮೇಲಿನವನ್ನಷ್ಟೇ ತೆಗೆದು ನೆಲದ ಮೇಲೆ ಹರಡಿದಳು.

ಬಟಾಣಿ ಪಕ್ಕದಲ್ಲಿ ಕೂತು ಬಣ್ಣಗಳನ್ನು ಸಾಲಾಗಿ ಜೋಡಿಸಿದಳು, ಕೆಡಿಸಿದಳು, ಮತ್ತೆ ಜೋಡಿಸಿದಳು. "ಇವ್ರೇ, ಇದಷ್ಟೂ ನನಗೇನಾ?"

"ಸಾಲೋದಾದ್ರೆ ನಿನಗೇ."

ಆದರೆ ಸಾಲುವಂತೆ ಕಾಣಲಿಲ್ಲ. ಬಣ್ಣ ಬಣ್ಣದ ಚೂರುಗಳನ್ನು ಒಂದರ ಬೆನ್ನಿಗೊಂದು ಹಾಕಿದರೆ ಸ್ವೆಟರು ಕಂತೆ ಕೌದಿಯಂತಾಗುತ್ತದೆ. ಎಲ್ಲದರ ಜೊತೆಗೂ ಒಂದೇ ಬಣ್ಣದ ಎಳೆ ಕೊನೆಯವರೆಗೆ ಹೋದರೆ ಮಾತ್ರ ಒಂದು ರೂಪ ಬರುತ್ತದೆ. ಅಷ್ಟು ಉದ್ದಕ್ಕೂ ಬರುವಷ್ಟಿದ್ದುದು ಬೂದಿ ಬಣ್ಣವೊಂದೇ. ಮದುವೆಯಾದ ವರ್ಷ ಗಂಡನಿಗೆಂದು ಸ್ವೆಟರು ಹೆಣೆಯುವಾಗ, ಅಳತೆ ತಿಳಿಯದೆ ಬೇಕಾದ್ದಕ್ಕಿಂತ ತುಂಬ ಹೆಚ್ಚು ತಂದಿದ್ದ ಉಲ್ಲನ್ ಅದು.

ಹಿಂದೆಮುಂದೆ ನೋಡುತ್ತ ಕೂತಿದ್ದಾಗ ಹುಡುಗಿಯೇ ಟ್ರಂಕಿನೊಳಗೆ ಕೈ ಹಾಕಿ ಒಂದು ಉಂಡೆ ಎತ್ತಿ ಕೆನ್ನೆಗೆ ಒತ್ತಿಕೊಂಡಳು. "ಇದು ನಮ್ಮನೇಲಿ ಇದೆ."

"ಏನಿದೆ?"

"ಸ್ವೆಟರು. ಈ ಬಣ್ಣದ್ದೇ. ಅಪ್ಪನದ್ದು, ಆದ್ರೆ ಅಮ್ಮ ಹಾಕ್ಕೋತಾಳೆ. ಅವಳಿಗೆ ಮೊಣಕಾಲ ತನಕ ಬರುತ್ತೆ. ಆಸ್ಪತ್ರೆಗೂ ಅದನ್ನೇ ಹಾಕ್ಕೊಂಡು ಹೋದಳು."

ಆ ಸ್ವೆಟರು ಎಂದೋ ಕಸದ ಪಾಲಾಗಿದೆ ಎಂದೇ ಗಾಜಮ್ಮ ತಿಳಿದಿದ್ದಳು. ಇಲ್ಲ, ಇನ್ನೂ ಇದೆ, ತಾನು ಮುಖ ನೋಡಿರದ ಹೆಂಗಸೊಬ್ಬಳ ಮೈ ಮೇಲೆ ಇದೆ. ಇದಕ್ಕೆ ಹೊಟ್ಟೆ ಉರಿಯಬೇಕೋ, ಹೆಣಿಗೆ ಇಷ್ಟು ವರ್ಷ ಬಾಳಿತಲ್ಲ ಎಂದು ಹಿಗ್ಗಬೇಕೋ ತಿಳಿಯಲಿಲ್ಲ. ಅದನ್ನು ಯಾರು ಹೆಣೆದದ್ದೆಂದು ಆಕೆಗೆ ಗೊತ್ತೋ ಇಲ್ಲವೋ? ಗೊತ್ತಿದ್ದರೆ ಒಂದು ಥರ, ಗೊತ್ತಿಲ್ಲದಿದ್ದರೆ ಇನ್ನೊಂದು ಥರ. ಎರಡರಲ್ಲಿ ಯಾವುದು ತನಗೆ ಬೇಕು ಎಂದೂ ಅವಳಿಗೆ ಹೊಳೆಯಲಿಲ್ಲ.

"ತಾ ಇಲ್ಲಿ" ಎಂದು ಉಂಡೆ ಇಸಿದುಕೊಂಡು ಬೂದಿ, ಸಾಸಿವೆ, ಇಟ್ಟಿಗೆ ಮೂರನ್ನೂ ಒಟ್ಟಿಗೆ ಹಿಡಿದು ಕತ್ತಿನ ಕುಣಿಕೆಗಳನ್ನು ಕಡ್ಡಿಗೆ ಏರಿಸತೊಡಗಿದಳು.

ಹೆಗಲಿನ ಭಾಗ ಮುಗಿದು, ತೋಳಿನ ಕುಣಿಕೆಗಳನ್ನು ಬೇರೆ ದಾರಕ್ಕೆ ವರ್ಗಾಯಿಸಿ, ಎದೆಯ ಭಾಗ ಹಿಡಿದಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಬೋಳುತಲೆಯ ಗಂಡಸೊಬ್ಬ ನಿಂತಿದ್ದ. ಮುಖದ ಮೇಲೆ ವಾರದ ಗಡ್ಡ, ಕೈಯಲ್ಲಿ ಹೂವಿನ ಚಿತ್ರದ ಬ್ಯಾಗು. ಬಸ್ಸಿನ ಆಫೀಸಿನವರು ಅತ್ತೆಯ ಮನೆಗೆ ಕಳಿಸಿದ್ದರಂತೆ, ಅಲ್ಲಿನ ನೆರೆಯವರು ಇಲ್ಲಿಗೆ ಕಳಿಸಿದರಂತೆ. ಔಷಧಿ ಕಂಪನಿಯ ಕೆಲಸ, ಊರೂರು ತಿರುಗುತ್ತೇನೆ ಎಂದ.

"ಹೋಟ್ಲಲ್ಲಿ ಬ್ಯಾಗು ಬಿಚ್ಚಿದ್ರೆ ಬರೀ ಫ್ರಾಕು" ಎಂದ ದುಃಖದಿಂದ. "ಡಾಕ್ಟರನ್ನ ನೋಡೋಕೆ ಹೋಗ್ಬೇಕಿತ್ತು. ಹಾಕಿದ್ದ ಅಂಗೀನೇ ಒಗೆದು ಒಗೆದು ಹಾಕ್ಕೊಂಡೆ."

ಬಟಾಣಿ ಮೈ ಮೇಲಿದ್ದ ಅಂಗಿಯನ್ನು ಬಿಚ್ಚಿ, ಚೆನ್ನಾಗಿ ಮಡಚಿ ಅವನಿಗೆ ಕೊಟ್ಟಳು. "ಗುಂಡಿ ಒಂದು ಬಿದ್ದುಹೋಗಿತ್ತು, ಇವರು ಹಾಕಿಕೊಟ್ರು" ಎಂದಳು. ಅವನು ಗುಂಡಿ ನೋಡಿ, ಗಾಜಮ್ಮನಿಗೆ ಕೈಮುಗಿದು, ಗಡ್ಡ ತುರಿಸಿಕೊಳ್ಳುತ್ತ ತನ್ನ ಬ್ಯಾಗು ಹಿಡಿದು ಮೆಟ್ಟಿಲಿಳಿದು ಹೋದ.

ಹೂವಿನ ಬ್ಯಾಗಿನೊಳಗೆ ಎಲ್ಲವೂ ಇತ್ತು: ಕಾಲುಚೀಲ, ಚಿತ್ರದ ಪುಸ್ತಕ, ಮತ್ತು ಎಲ್ಲದರ ಮೇಲೆ ದಪ್ಪನೆಯ ನೀಲಿ ಸ್ವೆಟರು. ಟೋಪಿಯೂ ಸೇರಿಕೊಂಡಿದ್ದ, ಒಳಗೆ ಮೆತ್ತನೆಯ ಅಸ್ತರು ಇದ್ದ, ಎಂಥ ಚಳಿಗೂ ಸಾಲುವ ಸ್ವೆಟರು. ಬಟಾಣಿ ಹಾಕಿಕೊಂಡಳು. ಹೇಳಿ ಮಾಡಿಸಿದ ಹಾಗಿತ್ತು.

ಸೋಫಾದ ಮೇಲೆ ಅರ್ಧ ಹೆಣೆದದ್ದು ತೋಳಿಲ್ಲದೆ ಬಿದ್ದಿತ್ತು.

"ಇನ್ನು ಅದನ್ನ ಹೆಣೆಯೋದ್ಯಾಕೆ?" ಎಂದರು ಅತ್ತೆ. "ನಿನಗೂ ಬೆನ್ನುನೋವು."

ನಿಜವಾಗಿ ಯಾಕೆ ಎಂದು ಗಾಜಮ್ಮನೂ ಯೋಚಿಸಿದಳು. ಚಳಿಗೆ ಎಂದು ಶುರು ಮಾಡಿದ್ದು. ಈಗ ಚಳಿಯ ನೆಪವೂ ಇಲ್ಲ. ಕಡ್ಡಿ ಎಳೆದು ಬಿಚ್ಚಿದರೆ ಕ್ಷಣದಲ್ಲಿ ಉಂಡೆಯಾಗುತ್ತದೆ. ಅವಳು ಸೋಫಾದ ಮೇಲೆ ಕೂತಳು. ಹೆಣಿಗೆ ತೊಡೆಯ ಮೇಲೆ ಎಳೆದುಕೊಂಡಳು. ಬಿಚ್ಚುವುದಕ್ಕೆ ಕಡ್ಡಿ ಹಿಡಿದಳೋ ಹೆಣೆಯುವುದಕ್ಕೆ ಹಿಡಿದಳೋ ಅವಳಿಗೇ ಸ್ಪಷ್ಟವಿರಲಿಲ್ಲ. ಬೆರಳುಗಳು ಮಾತ್ರ ನಿಂತಲ್ಲಿಂದ ಮುಂದಿನ ಸಾಲು ಹಿಡಿದವು.

"ಅಜ್ಜಿ, ನೀವು ಸುಮ್ನಿರಿ" ಎಂದಳು ಬಟಾಣಿ. "ನನಗೆ ಅದೂ ಬೇಕು."

ರಜೆಯ ದಿನ ಮಧ್ಯಾಹ್ನ ಬಟಾಣಿ ಕೆಳಗಿನ ಮನೆಯ ಮಕ್ಕಳ ಜೊತೆ ಆಡಲು ಹೋಗಿದ್ದಳು. ಬಾಲ್ಕನಿಗೆ ಬಿಸಿಲು ಬಂದಿತ್ತು. ಅತ್ತೆ ಕುರ್ಚಿಯಲ್ಲಿ ಕೂತು ಪ್ಲಾಸ್ಟರಿನೊಳಗೆ ತುರಿಕೆಯೆಂದು ಹೆಣಿಗೆಯ ತೆಳ್ಳನೆಯ ಕಡ್ಡಿಯೊಂದನ್ನು ಇಸಿದುಕೊಂಡು ತೂರಿಸುತ್ತಿದ್ದರು. ಗಾಜಮ್ಮ ಎರಡನೇ ತೋಳು ಹೆಣೆಯುತ್ತಿದ್ದಳು. ಮೊದಲನೇ ತೋಳಿಗೆ ಕಡುಹಸಿರು ಮುಗಿದಿತ್ತು, ಆದ್ದರಿಂದ ಇದಕ್ಕೆ ನೇರಳೆ.

"ಒಂದು ಕೇಳ್ಲಾ?" ಎಂದರು ಅತ್ತೆ. "ಇಷ್ಟು ವರ್ಷ ಕೇಳಿಲ್ಲ. ನನ್ನ ಮಗನ್ನ ಯಾಕೆ ಬಿಟ್ಟುಹೋದೆ ನೀನು? ಹೊಡೀತಿದ್ನಾ? ಕುಡೀತಿದ್ನಾ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

ಗಾಜಮ್ಮ ಹೆಣಿಗೆಯಿಂದ ತಲೆಯೆತ್ತಿದಳು. "ನಾನೆಲ್ಲಿ ಬಿಟ್ಟೆ ಅತ್ತೆ? ಅವರೇ ತಾನೆ ಬೇಡ ಅಂದಿದ್ದು."

"ಯಾರು, ಅವನಾ?"

"ಲೆನ್ಸಿನ ಕೆಲಸ ಕಲಿಯೋಕೆ ಬೇರೆ ಊರಿಗೆ ಹೋಗ್ಬೇಕು ಅಂದೆ. ಹೋಗೋದಾದ್ರೆ ಹೋಗು ಅಂದ್ರು. ಹೋದೆ. ಒಂದು ಸಲಾನೂ ಬಂದು ನೋಡ್ಲಿಲ್ಲ, ಬಾ ಅಂತ ಕರೀಲಿಲ್ಲ. ಇನ್ನೇನು ಅಂತ ತಿಳ್ಕೊಳ್ಳಲಿ ನಾನು?"

"ಅವನು ನನ್ನ ಹತ್ರ ಬಂದು ಅತ್ತ ಕಣೆ" ಎಂದರು ಅತ್ತೆ, ಗೊಂದಲದಿಂದ. "ಅವಳಿಗೆ ನಾನು ಬೇಡವಾದೆ ಅಂತ ಅತ್ತ."

ಗಾಜಮ್ಮನಿಗೆ ಇದರ ತಲೆಬುಡ ತಿಳಿಯಲಿಲ್ಲ. ಹತ್ತು ವರ್ಷದಿಂದ ಅವಳು ಈ ವಿಷಯವನ್ನು ತಿರುವಿ ಹಾಕಿರಲಿಲ್ಲ ಎಂದಲ್ಲ. ಆದರೆ ಪ್ರತಿ ಸಲವೂ ಅದರಲ್ಲಿ ತಾನು ಕರೆಗೆ ಕಾಯುತ್ತಿದ್ದವಳು, ಅವನು ಕರೆಯದೆ ಬಿಟ್ಟವನು. ವಕೀಲರ ಕೋಣೆ ನೆನಪಾಯಿತು. ಮೇಜಿನ ಎರಡು ಕಡೆ ಇಬ್ಬರೂ ಕೂತಿದ್ದರು. ವಕೀಲರು ಕನ್ನಡಕ ಒರೆಸಿಕೊಳ್ಳುತ್ತ, "ಇಬ್ಬರಿಗೂ ಒಪ್ಪಿಗೆ ತಾನೆ?" ಎಂದು ಕೇಳಿದ್ದರು. ಅವಳು ಅವನ ಮುಖ ನೋಡಿದ್ದಳು. ಅವನೂ ಅವಳ ಮುಖ ನೋಡಿದ್ದ. ಅವನಿಗೆ ಬೇಕಿರುವುದು ಇದೇ ಅಲ್ಲವೇ ಎಂದುಕೊಂಡು ಅವಳು ಹೂಂ ಎಂದಿದ್ದಳು. ಅವನೂ ಹೂಂ ಎಂದಿದ್ದ. ಅವನ ಹೂಂ ಅಂಥದ್ದೇ ಆಗಿತ್ತೇ?

ಎಷ್ಟೋ ಹೊತ್ತಿನ ಮೇಲೆ ನೋಡಿದರೆ ನೇರಳೆ ತೋಳು ಬೇಕಾದ್ದಕ್ಕಿಂತ ಉದ್ದವಾಗಿತ್ತು. ಕೈ ತನ್ನ ಪಾಡಿಗೆ ತಾನು ಹೆಣೆಯುತ್ತ ಹೋಗಿತ್ತು. ಬಿಚ್ಚಬೇಕೆಂದುಕೊಂಡು, ಮಕ್ಕಳ ಕೈ ಬೆಳೆಯುತ್ತದೆ ಎಂದು ಹಾಗೇ ಬಿಟ್ಟು ಅಂಚು ಮುಗಿಸಿದಳು.

ಆಸ್ಪತ್ರೆಯಿಂದ ಸುದ್ದಿ ಬಂತು. ಗಂಡುಮಗು, ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಆದರೆ ತಾಯಿ ಮಗು ಇಬ್ಬರೂ ಆರಾಮ. ಬಟಾಣಿಯನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಲು ತಾನೇ ಬರುವುದಾಗಿ ಬಟಾಣಿಯ ಅಪ್ಪ ಫೋನಿನಲ್ಲಿ ಹೇಳಿದ.

ಅವನು ಬಂದ ದಿನ ಗಾಜಮ್ಮ ಕೆಲಸಕ್ಕೆ ರಜೆ ಹಾಕಿದ್ದಳು. ರಜೆ ಹಾಕಿದ್ದು ಯಾಕೆಂದು ಬಿಲ್ಲಿನಾಕೆ ಕೇಳಲಿಲ್ಲ, ಅದೊಂದು ಪುಣ್ಯ. ಬಾಗಿಲು ತೆರೆದಾಗ ಅವನು ಏದುಸಿರು ಬಿಡುತ್ತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ಹೊಟ್ಟೆ ಸ್ವಲ್ಪ ಬಂದಿತ್ತು.

"ಈ ಕಟ್ಟಡಕ್ಕೆ ಲಿಫ್ಟ್ ಇಲ್ವಾ?" ಎಂದ.

"ಇಲ್ಲ."

"ಹಾಕಿಸ್ಬೇಕು. ಹಾಕೋಕೆ ಜಾಗ ಇದೆ, ಮೆಟ್ಟಿಲ ಪಕ್ಕ." ಆಮೇಲೆ, "ನೀವು ಹೇಗಿದೀರಿ?" ಎಂದು ಕೇಳಿದ.

ನೀವು. ಮದುವೆಯಾಗಿದ್ದಷ್ಟು ಕಾಲ ಅವನು ಅವಳಿಗೆ ನೀನು ಎನ್ನುತ್ತಿದ್ದ, ಅವಳು ಅವನಿಗೆ ನೀವು ಎನ್ನುತ್ತಿದ್ದಳು. ಈ ಹೊಸ ಮರ್ಯಾದೆಗೆ ಏನು ಉತ್ತರ ಕೊಡುವುದೆಂದು ತೋಚದೆ ಅವಳ ಬಾಯಿಂದ, "ನೀನು ಕೂತ್ಕೋ, ಟೀ ತರ್ತೀನಿ" ಎಂದು ಬಂದುಬಿಟ್ಟಿತು. ಅವನು ಬೆಚ್ಚಿದವನ ಹಾಗೆ ಕೂತ.

ಬಟಾಣಿ ಹೊಸ ಸ್ವೆಟರು ಹಾಕಿಕೊಂಡು ಕೋಣೆಯ ನಡುವೆ ಒಂದು ಸುತ್ತು ತಿರುಗಿದಳು. ಬೂದಿಯ ನಡುವೆ ಸಾಸಿವೆ, ಇಟ್ಟಿಗೆ ಬಣ್ಣಗಳು ಚುಕ್ಕಿ ಚುಕ್ಕಿಯಾಗಿ ಮಿಣುಕುತ್ತಿದ್ದವು. ಒಂದು ತೋಳು ಹಸಿರು, ಇನ್ನೊಂದು ನೇರಳೆ. ನೇರಳೆಯದು ಬೆರಳುಗಳನ್ನೆಲ್ಲ ಮುಚ್ಚಿತ್ತು.

"ಅಪ್ಪಾ, ಇವರು ಮಾಡಿದ್ದು. ಒಂದು ಕೈಗೆ ಗ್ಲೌಸೇ ಬೇಡ."

ಅವನು ಮಗಳನ್ನು ಹತ್ತಿರ ಕರೆದು ಕತ್ತಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿದ. ಬಹಳ ಹೊತ್ತು ಸವರಿದ. "ಈ ಬೂದಿ ಬಣ್ಣ..." ಎಂದ.

"ಮಿಕ್ಕಿತ್ತು" ಎಂದಳು ಗಾಜಮ್ಮ.

ಅತ್ತೆ ಎದ್ದರು. "ಬಾರೇ ಬಟಾಣಿ, ಕೆಳಗಿನ ಮನೆಯವರಿಗೆ ಹೋಗ್ಬರ್ತೀನಿ ಅಂತ ಹೇಳ್ಬರೋಣ" ಎಂದು, ಇನ್ನೂ ಟೀ ಮುಗಿಸಿರದಿದ್ದರೂ, ಮೊಮ್ಮಗಳ ಕೈ ಹಿಡಿದು ಹೊರಟೇಬಿಟ್ಟರು.

ಇಬ್ಬರೇ ಉಳಿದರು. ಹೀಟರು ಗುರುಗುಟ್ಟುತ್ತಿತ್ತು.

"ಒಂದು ಮಾತು ಕೇಳ್ತೀನಿ, ಹೇಳ್ಬೇಕು" ಎಂದಳು ಗಾಜಮ್ಮ. "ನನ್ನ ಯಾಕೆ ಬೇಡ ಅಂದ್ರಿ?"

ಅವನು ಲೋಟ ಕೆಳಗಿಟ್ಟ. "ನಾನಾ? ನಾನು ಯಾವಾಗ ಬೇಡ ಅಂದೆ? ನೀನೇ ಹೋಗ್ತೀನಿ ಅಂದೆ."

"ಕಲಿಯೋಕೆ ಹೋಗ್ತೀನಿ ಅಂದೆ. ನೀವು ಹೋಗೋದಾದ್ರೆ ಹೋಗು ಅಂದ್ರಿ."

"ನಿನಗೆ ಅಷ್ಟು ಆಸೆ ಇದ್ರೆ ಹೋಗು, ನಾನು ಅಡ್ಡ ಬರಲ್ಲ ಅಂತ. ಅಷ್ಟೇ ನನ್ನ ತಲೇಲಿ ಇದ್ದಿದ್ದು."

"ಹಾಗಂತ ಹೇಳ್ಲಿಲ್ಲ."

"ಹೇಳಿದ್ನಲ್ಲ. ಹೋಗು ಅಂದ್ನಲ್ಲ."

"ಬಂದು ನೋಡ್ಲಿಲ್ಲ ಒಂದು ದಿನಾನೂ."

"ನೀನು ಬಾ ಅನ್ಲಿಲ್ಲ. ಓದೋಳಿಗೆ ತೊಂದರೆ ಯಾಕೆ ಅಂತ. ಆಮೇಲೆ ಆಮೇಲೆ, ನಿನಗೆ ನಾನು ಬೇಡ ಅನ್ನಿಸ್ತಿದೆಯೇನೋ ಅಂತ ನನಗೇ ಅನ್ನಿಸೋಕೆ ಶುರುವಾಯ್ತು. ವಕೀಲರ ಹತ್ರ ಹೂಂ ಅಂದವಳು ನೀನೇ. ಮೊದಲು ಅಂದಿದ್ದು ನೀನು."

"ನಿಮ್ಮ ಮುಖ ನೋಡಿ ಅಂದೆ."

"ನನ್ನ ಮುಖದಲ್ಲಿ ಏನಿತ್ತು?"

ಗಾಜಮ್ಮ ಯೋಚಿಸಿದಳು. ಆ ಮುಖ ಅವಳಿಗೆ ಈಗಲೂ ಚೆನ್ನಾಗಿ ನೆನಪಿತ್ತು. ಅದರಲ್ಲಿ ಏನಿತ್ತೆಂದು ಮಾತ್ರ ಹೇಳಲಾಗಲಿಲ್ಲ. ಹಾಗಾದರೆ ತಪ್ಪು ಯಾರದ್ದು? ಬೈಯುವುದಕ್ಕೆ ಇಷ್ಟು ವರ್ಷ ಒಬ್ಬ ಮನುಷ್ಯನಿದ್ದ, ಈಗ ಅವನೂ ಇಲ್ಲದಂತಾಯಿತು. ಅವತ್ತು ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೆ ಬಟಾಣಿ ಇರುತ್ತಿರಲಿಲ್ಲ ಎಂದು ಹೊಳೆಯಿತು. ಒಂದು ಕೈ ಹಸಿರು, ಒಂದು ಕೈ ನೇರಳೆಯ ಆ ಹುಡುಗಿ ಇಲ್ಲದೆ ಹೋಗಬೇಕಿತ್ತು ಎಂದು ಬಯಸಲು ಅವಳಿಂದಾಗಲಿಲ್ಲ. ಆಗಿಹೋದದ್ದು ಒಳ್ಳೆಯದೇ ಆಯಿತು ಎನ್ನಲೂ ಬಾಯಿ ಬರಲಿಲ್ಲ.

"ಈಗ ಏನು ಮಾಡೋದು?" ಎಂದ ಅವನು. ಕೆಟ್ಟ ಲಿಫ್ಟಿನ ಮುಂದೆ ನಿಂತವನ ಹಾಗೆ ನಿಜವಾಗಿಯೂ ಕೇಳುತ್ತಿದ್ದ.

"ಬಸ್ಸಿಗೆ ಹೊತ್ತಾಗುತ್ತೆ" ಎಂದಳು ಅವಳು.

ಬಸ್ ನಿಲ್ದಾಣದ ತನಕ ಅವಳೂ ಹೋದಳು. ಕಿಟಕಿಯ ಪಕ್ಕ ಕೂತ ಬಟಾಣಿ ನೇರಳೆ ತೋಳು ಹೊರಗೆ ಚಾಚಿ ಬೀಸಿದಳು. ಅತ್ತೆ ಪ್ಲಾಸ್ಟರು ಬೀಸಿದರು. ಅವನು ಎದ್ದು ನಿಂತು ಏನೋ ಹೇಳಿದ, ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಏನು ಎಂದು ಅವಳು ಕೈ ತಿರುಗಿಸಿ ಕೇಳಿದಳು. ಅಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ಮನೆಗೆ ಬಂದು ಸೋಫಾದ ಹಾಸಿಗೆ ಸುತ್ತಿಟ್ಟಳು. ಮಂಚ ಮತ್ತೆ ಅವಳದಾಯಿತು, ಆದರೆ ನಿದ್ದೆ ಹತ್ತಿರ ಸುಳಿಯಲಿಲ್ಲ. ನೆಲದ ಮೇಲೆ ಮಲಗಿ ರೂಢಿಯಾಗಿತ್ತೇನೋ.

ಕೆಲವು ವಾರ ಕಳೆದ ಮೇಲೆ, ಒಂದು ಸಂಜೆ ಅವಳು ಸೊಪ್ಪು ಬಿಡಿಸುತ್ತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು. ಹೆಂಗಸಿನ ದನಿ, ಸ್ವಲ್ಪ ಬಳಲಿದ್ದು.

"ನಾನು ಬಟಾಣಿ ಅಮ್ಮ."

ಗಾಜಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಹೇಳಿ" ಎಂದಳು.

"ತೊಂದರೆ ಕೊಡ್ತಿದೀನಾ? ಆ ಸ್ವೆಟರ್ ಮೇಲೆ ಹಾಲು ಚೆಲ್ಕೊಂಡಿದಾಳೆ. ಬಿಚ್ಚು ಅಂದ್ರೆ ಬಿಚ್ಚಲ್ಲ. ಇವತ್ತು ಹೇಗೋ ತೆಗೆಸಿದೆ. ಒಗೆಯೋದು ಹೇಗೆ ಅಂತ ಗೊತ್ತಾಗ್ಲಿಲ್ಲ. ಬಿಸಿನೀರು ಹಾಕ್ಬಹುದಾ?"

"ಬಿಸಿನೀರು ಬೇಡ, ಕುಗ್ಗಿಹೋಗುತ್ತೆ. ಉಗುರುಬೆಚ್ಚಗೆ ಇರ್ಲಿ. ಉಜ್ಜೋಕೆ ಹೋಗ್ಬೇಡಿ. ಸುಮ್ನೆ ಸ್ವಲ್ಪ ಹೊತ್ತು ನೆನೆಸಿ ಮೆತ್ತಗೆ ಅಮುಕಿ."

"ಹಿಂಡ್ಲಾ?"

"ಬೇಡ. ಟವಲ್ಲಲ್ಲಿ ಸುತ್ತಿ ಒತ್ತಿ. ಆಮೇಲೆ ಹಗ್ಗಕ್ಕೆ ಹಾಕ್ಬೇಡಿ, ಜೋತುಬೀಳುತ್ತೆ. ಎಲ್ಲಾದ್ರೂ ಅಗಲವಾಗಿ ಹರಡಿ."

"ಹೂಂ. ಸರಿ."

ಹೇಳುವುದು ಮುಗಿದಿತ್ತು. ಅಷ್ಟರಲ್ಲಿ ಆ ಕಡೆ ಕೂಸು ಅಳಲು ಶುರುಮಾಡಿತು.

"ಒಂದ್ನಿಮಿಷ, ಇಡ್ಬೇಡಿ, ಬಂದೆ" ಎಂದಳು ಆಕೆ.

ಗಾಜಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಳು. ದೂರದಲ್ಲಿ ನಲ್ಲಿಯ ಸದ್ದು, ಯಾವುದೋ ತಟ್ಟೆ ಬಿದ್ದದ್ದು, ಜೋಗುಳದಂಥ ಗುನುಗು. ತಾನು ಯಾಕೆ ಕಾಯುತ್ತಿದ್ದೇನೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಒಲೆಯ ಮೇಲೆ ನೀರು ಕುದಿಯತೊಡಗಿತು. ಒಲೆ ಆರಿಸಿದಳು.

"ಇದೀರಾ?" ಎಂದಿತು ಆ ದನಿ, ಸ್ವಲ್ಪ ಹೊತ್ತಿನ ಮೇಲೆ.

"ಇದೀನಿ."

"ಇವನು ಹಗಲೆಲ್ಲ ಮಲಗ್ತಾನೆ, ಕತ್ತಲಾದ್ರೆ ಕಣ್ಣು ಬಿಡ್ತಾನೆ. ಅತ್ತೆ ದೇವಸ್ಥಾನಕ್ಕೆ ಹೋಗಿರ್ತಾರೆ, ಇವರು ಕೆಲಸದಿಂದ ಬಂದಿರಲ್ಲ, ಮಾತಾಡೋಕೆ ಮನೇಲಿ ದೊಡ್ಡೋರು ಯಾರೂ ಇರಲ್ಲ ಇಷ್ಟು ಹೊತ್ತಲ್ಲಿ. ನಿಮಗೆ ಕೆಲಸ ಇದೆಯೇನೋ?"

ಗಾಜಮ್ಮ ಸೊಪ್ಪಿನ ಕಡೆ ನೋಡಿದಳು. "ಅಂಥದ್ದೇನಿಲ್ಲ" ಎಂದು ಕಾಲಿನಿಂದಲೇ ಸ್ಟೂಲು ಎಳೆದುಕೊಂಡು ಕೂತಳು.